ಮೂರು ವಾರದಲ್ಲಿ ಮೂರು ಬ್ಲಡ್ ಕಲ್ಚರ್, ಮೂರರಲ್ಲೂ ಬರ್ಖೋಲ್ಡೇರಿಯಾ. ತಪ್ಪು ನಮ್ಮ ಕೈಯದೇನಾ?

ರಾತ್ರಿಪಾಳಿ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಐಸಿಯು ಸ್ಟಾಫ್ ನರ್ಸ್. ಜಿಎನ್‌ಎಂ ಮುಗಿಸಿ 11 ವರ್ಷ ಆಯಿತು, ಅದರಲ್ಲಿ 7 ವರ್ಷ ಐಸಿಯುನಲ್ಲೇ ಕಳೆದಿದ್ದೇನೆ. ಆಸ್ಪತ್ರೆ ಯಾವುದು ಅಂತ ಕೇಳಬೇಡಿ. ರೋಗಿಗಳ ವಿವರವನ್ನೂ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ.

ನಮ್ಮದು 10 ಬೆಡ್‌ಗಳ ಐಸಿಯು. ಹೋದ ಮೂರು ವಾರದಲ್ಲಿ ಮೂರು ಜನರ ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡುವ ಪರೀಕ್ಷೆ) ಬರ್ಖೋಲ್ಡೇರಿಯಾ ಸೆಪೇಸಿಯಾ ಅನ್ನುವ ಬ್ಯಾಕ್ಟೀರಿಯಾ ಬಂದಿದೆ. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಬಂದರೆ ನಾವು ಯಾರೂ ತಲೆ ಎತ್ತಿ ನೋಡುವುದಿಲ್ಲ. ಅವು ಮನೆಗೆ ಬಂದು ಹೋಗುವ ನೆಂಟರ ಹಾಗೆ ಆಗಿಬಿಟ್ಟಿವೆ. ಈ ಹೆಸರು ಮಾತ್ರ ಏಳು ವರ್ಷದಲ್ಲಿ ಒಂದೇ ಸಲ ಕೇಳಿದ್ದೆ.

ಮೊದಲನೆಯವರು ಸ್ಟ್ರೋಕ್ ಆಗಿದ್ದ ಅಜ್ಜ. ವೆಂಟಿಲೇಟರ್, ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ), ಬೆಡ್ 2. ಎರಡನೆಯವರು ಡೆಂಗ್ಯೂ ಶಾಕ್ ಅಂತ ಬಂದ ಚಿಕ್ಕ ವಯಸ್ಸಿನ ಹೆಂಗಸು, ಅವರಿಗೂ ಲೈನ್ ಇತ್ತು, ಬೆಡ್ 7. ಮೂರನೆಯವರು ಕರುಳಿನ ಆಪರೇಷನ್ ಆಗಿ ಬಂದವರು, ಬೆಡ್ 8. ಅವರಿಗೆ ಸೆಂಟ್ರಲ್ ಲೈನೇ ಇಲ್ಲ, ಕೈಯಲ್ಲಿ ಒಂದು ಕ್ಯಾನುಲಾ ಅಷ್ಟೇ. ಮೂವರೂ ಐಸಿಯುಗೆ ಬಂದು ಐದು ದಿನ ದಾಟಿದ ಮೇಲೆಯೇ ಜ್ವರ ಶುರುವಾಗಿದ್ದು.

ಅಜ್ಜನ ರಾತ್ರಿ ಮರೆಯಲು ಆಗುತ್ತಿಲ್ಲ. 10 ಗಂಟೆಯ ಆಂಟಿಬಯೋಟಿಕ್ ಕೊಟ್ಟು, ಲೈನ್ ಫ್ಲಶ್ ಮಾಡಿ (ಸಲೈನ್ ಹಾಯಿಸಿ), ಚಾರ್ಟ್ ಬರೆಯಲು ಕೂತಿದ್ದೆ. ಬೆಡ್‌ನ ಸರಳು ಟಕಟಕ ಅನ್ನುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಚಳಿ ಬಂದು ಮೈಯೆಲ್ಲಾ ನಡುಗುತ್ತಿದೆ. ಎರಡು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಅರ್ಧ ಗಂಟೆಯಲ್ಲಿ ಜ್ವರ 103, ಬಿಪಿ ಇಳಿಯಿತು. ಬೆಳಿಗ್ಗೆ ಕೊಲಿಸ್ಟಿನ್ ಶುರು ಮಾಡಿದರು, ಬೇರೆ ಆಂಟಿಬಯೋಟಿಕ್ ನಡೆಯದಾಗ ಕೊಡುವಂಥದ್ದು. ಎರಡು ದಿನ ಬಿಟ್ಟು ರಿಪೋರ್ಟ್ ಬಂದಾಗ ಕೊಲಿಸ್ಟಿನ್ ಮುಂದೆ "ಆರ್" (ರೆಸಿಸ್ಟೆಂಟ್, ಅಂದರೆ ಆ ಔಷಧಕ್ಕೆ ಬಗ್ಗದ್ದು) ಅಂತ ಇತ್ತು.

ಸೋಮವಾರದ ಮೀಟಿಂಗ್‌ನಲ್ಲಿ ಒಬ್ಬ ಸರ್ ಎಲ್ಲರ ಮುಂದೆ "ಸಿಸ್ಟರ್ಸ್ ಕೈ ತೊಳೆಯಲ್ಲ, ಅದಕ್ಕೇ ಇದೆಲ್ಲ" ಅಂದರು. ಆ ವಾರ ನನ್ನ ಹತ್ತಿರ ಮೂರು ರೋಗಿಗಳಿದ್ದರು, ಇಬ್ಬರು ವೆಂಟಿಲೇಟರ್ ಮೇಲೆ. ಕೈ ತೊಳೆದೂ ತೊಳೆದೂ ಗೆಣ್ಣುಗಳ ಹತ್ತಿರ ಚರ್ಮ ಬಿರುಕು ಬಿಟ್ಟಿದೆ. ಅಲ್ಲಿ ಏನೂ ಮಾತಾಡಲಿಲ್ಲ, ಮನೆಗೆ ಬಂದು ಅತ್ತೆ.

ಇದು ನಿಜವಾದ ಇನ್ಫೆಕ್ಷನ್ನಾ, ಸ್ಯಾಂಪಲ್ ತೆಗೆಯುವಾಗ ಸೇರಿಕೊಂಡಿದ್ದಾ? ಎಲ್ಲಿಂದ ಬರುತ್ತದೆ? ಕೊಲಿಸ್ಟಿನ್‌ಗೇ ಬಗ್ಗದ್ದು ಯಾಕೆ? ಗೊತ್ತಿದ್ದವರು ಹೇಳಿ. ಬೈಯುವವರು ದಯವಿಟ್ಟು ಬೇಡ, ಅದು ಈಗಾಗಲೇ ಆಗಿದೆ.

ಪೆಟ್ರಿತಟ್ಟೆ:

ಸಿಸ್ಟರ್, ನಾನು ಮೈಕ್ರೋಬಯಾಲಜಿಯವಳು. ಮೆಡಿಕಲ್ ಕಾಲೇಜಿನ ಲ್ಯಾಬ್‌ನಲ್ಲಿ 20 ವರ್ಷದಿಂದ ಇದೇ ತಟ್ಟೆಗಳನ್ನು ನೋಡುತ್ತಾ ಬಂದಿದ್ದೇನೆ. ನೀವು ಬರೆದದ್ದರಲ್ಲಿ ಉತ್ತರದ ಅರ್ಧ ಭಾಗ ಆಗಲೇ ಇದೆ, ನಿಮಗೇ ಗೊತ್ತಾಗದ ಹಾಗೆ.

ಮೊದಲು ಕೊಲಿಸ್ಟಿನ್ ವಿಷಯ. ಈ ಬ್ಯಾಕ್ಟೀರಿಯಾ ಅದಕ್ಕೆ ಹುಟ್ಟಿನಿಂದಲೇ ಬಗ್ಗುವುದಿಲ್ಲ. ಕೊಲಿಸ್ಟಿನ್ ಹೋಗಿ ಅಂಟಿಕೊಳ್ಳಬೇಕಾದ ಹೊರಪೊರೆಯೇ ಇದರಲ್ಲಿ ಬೇರೆ ಥರ ಇದೆ. ಲ್ಯಾಬ್‌ನಲ್ಲಿ ನಮಗೆ ಇದು ಗುರುತು ಹಿಡಿಯುವ ಒಂದು ದಾರಿ ಕೂಡ. ತಟ್ಟೆ ಮೇಲೆ ಪಾಲಿಮಿಕ್ಸಿನ್ (ಕೊಲಿಸ್ಟಿನ್ ಜಾತಿಯದೇ ಔಷಧ) ಬಿಲ್ಲೆ ಇಟ್ಟರೆ ಸುತ್ತ ಒಂದು ಚೂರೂ ಖಾಲಿ ಜಾಗ ಬಿಡದೆ ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. ಜೆಂಟಾಮೈಸಿನ್, ಅಮಿಕಾಸಿನ್ ಕೂಡ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. ಕೋಟ್ರಿಮಾಕ್ಸಜೋಲ್, ಸೆಫ್ಟಜಿಡೈಮ್, ಮೆರೊಪೆನೆಮ್, ಮಿನೋಸೈಕ್ಲಿನ್ ಇವುಗಳಲ್ಲಿ ಯಾವುದು ನಡೆಯುತ್ತದೆ ಅಂತ ನಿಮ್ಮ ಲ್ಯಾಬ್ ರಿಪೋರ್ಟ್ ನೋಡಿ ಡಾಕ್ಟರ್ ತೀರ್ಮಾನ ಮಾಡಬೇಕು. ಕ್ಲೆಬ್ಸಿಯೆಲ್ಲಾಗೆ ಹೆದರಿ ಕೊಲಿಸ್ಟಿನ್ ಶುರು ಮಾಡುವ ಅಭ್ಯಾಸ ಇಲ್ಲಿ ಸೋಲುತ್ತದೆ.

ನಿಜವಾದ ಇನ್ಫೆಕ್ಷನ್ನಾ ಅಂದರೆ, ಹೌದು ಅನ್ನಿಸುತ್ತದೆ. ಸ್ಯಾಂಪಲ್ ತೆಗೆಯುವಾಗ ಬರೀ ಬಾಟಲಿಗೆ ಸೇರಿದ್ದರೆ ರೋಗಿಗೆ ಹಾಗೆ ನಡುಕ ಬರುತ್ತಿರಲಿಲ್ಲ, ಬಿಪಿ ಇಳಿಯುತ್ತಿರಲಿಲ್ಲ. ಆದರೂ ಮೂರು ಜನಕ್ಕೂ ಎರಡೆರಡು ಕಡೆಯಿಂದ ರಕ್ತ ತೆಗೆದಿದ್ದರಾ ನೋಡಿ. ಲೈನ್ ಇದ್ದವರಿಗೆ ಲೈನ್‌ನಿಂದ ಒಂದು, ಕೈಯಿಂದ ಒಂದು. ಎರಡೂ ಸಮ ಪ್ರಮಾಣದ ರಕ್ತ, ಒಂದೇ ಹೊತ್ತಿಗೆ ತೆಗೆದದ್ದು ಆಗಿರಬೇಕು. ಲೈನ್‌ನ ಬಾಟಲಿ ಯಂತ್ರದಲ್ಲಿ ಎರಡು ಗಂಟೆ ಅಥವಾ ಅದಕ್ಕಿಂತ ಮುಂಚೆ ಪಾಸಿಟಿವ್ ಆದರೆ ಮೂಲ ಲೈನ್‌ನಲ್ಲೇ ಇರುವ ಸಾಧ್ಯತೆ ಜಾಸ್ತಿ. ದೊಡ್ಡವರಿಗೆ ಒಂದೊಂದು ಬಾಟಲಿಗೂ 8ರಿಂದ 10 ಎಂಎಲ್ ರಕ್ತ ಬೇಕು. ನಮಗೆ ಬರುವ ಬಾಟಲಿಗಳಲ್ಲಿ ಎಷ್ಟೋ ಸಲ 3 ಎಂಎಲ್ ಇರುತ್ತದೆ. ಅದು ಬೇರೆ ಜಗಳ, ಇಲ್ಲಿ ಬೇಡ.

ಈಗ ಎಲ್ಲಿಂದ ಅನ್ನುವುದು. ಅಸಿನೆಟೊಬ್ಯಾಕ್ಟರ್ ಒಣ ಜಾಗದಲ್ಲೂ ವಾರಗಟ್ಟಲೆ ಬದುಕುತ್ತದೆ. ಬೆಡ್ ಸರಳು, ಮಾನಿಟರ್ ಗುಂಡಿ, ಕೈ, ಎಲ್ಲೆಂದರಲ್ಲಿ. ಬರ್ಖೋಲ್ಡೇರಿಯಾ ಹಾಗಲ್ಲ, ಅದು ಒದ್ದೆಯ ಜೀವಿ. ನೀರಿದ್ದರೆ ಸಾಕು, ಊಟ ಬೇಡವೇ ಬೇಡ ಅನ್ನುವಷ್ಟು. ಡಿಸ್ಟಿಲ್ಡ್ ವಾಟರ್‌ನಲ್ಲಿ, ಸಲೈನ್‌ನಲ್ಲಿ, ನೀರು ಬೆರೆಸಿದ ಆಂಟಿಸೆಪ್ಟಿಕ್‌ನಲ್ಲಿ ಕೂಡ ಇರುತ್ತದೆ. ಬೆಂಜಲ್ಕೋನಿಯಂ ಕ್ಲೋರೈಡ್ ಅನ್ನುವ ಕ್ರಿಮಿನಾಶಕ ಹಾಕಿಟ್ಟ ಉಪ್ಪಿನ ದ್ರಾವಣದಲ್ಲಿ ಇದು 14 ವರ್ಷ ಬದುಕಿತ್ತು ಅಂತ 1979ರಲ್ಲೇ ವರದಿಯಾಗಿದೆ. ನಾವು ಕ್ರಿಮಿನಾಶಕ ಅಂತ ನಂಬಿದ ಬಾಟಲಿಯೊಳಗೇ ಇದು ಸಂಸಾರ ಹೂಡಿರಬಹುದು.

ಹಾಗಾಗಿ ಇದು ಗುಂಪಾಗಿ ಬಂತು ಅಂದರೆ ನಾವು ಕೈಗಿಂತ ಮೊದಲು ಬಾಟಲಿ ನೋಡುತ್ತೇವೆ. ಅಮೆರಿಕದಲ್ಲಿ 2016ರಲ್ಲಿ ಮಲಬದ್ಧತೆಗೆ ಕೊಡುವ ಸಿರಪ್‌ನಿಂದ ಹರಡಿತ್ತು. ಮುಂಬೈನಲ್ಲಿ ಕೀಮೋಥೆರಪಿ ಡೇ ಕೇರ್‌ನಲ್ಲಿ ವಾಂತಿ ನಿಲ್ಲಿಸುವ ಇಂಜೆಕ್ಷನ್‌ನಲ್ಲೇ ಇದು ಸಿಕ್ಕಿತ್ತು. ಬೇರೆ ಕಡೆ ಅಲ್ಟ್ರಾಸೌಂಡ್ ಜೆಲ್‌ನಲ್ಲಿ, ಮೌತ್‌ವಾಶ್‌ನಲ್ಲಿ ಸಿಕ್ಕಿದೆ.

ನಿಮ್ಮ ಮೂರನೇ ರೋಗಿಯನ್ನು ನೋಡಿ. ಸೆಂಟ್ರಲ್ ಲೈನೇ ಇಲ್ಲ. ಅಂದಮೇಲೆ ಲೈನ್ ಹಾಕುವಾಗಿನ ತಪ್ಪು ಅನ್ನುವ ಹಾಗಿಲ್ಲ. ಮೂವರ ರಕ್ತಕ್ಕೂ ಹೋಗಿದ್ದು ಒಂದೇ ಏನೋ ಇರಬೇಕು. ಫ್ಲಶ್ ಮಾಡಿದ ಮೇಲೆ ನಡುಕ ಬಂತು ಅಂತ ನೀವೇ ಬರೆದಿದ್ದೀರಿ. ನಿಮ್ಮಲ್ಲಿ ಫ್ಲಶ್ ಯಾವುದರಿಂದ ತೆಗೆಯುತ್ತೀರಿ? ಮುಚ್ಚುಮರೆ ಇಲ್ಲದೆ ಹೇಳಿ. ಐಸಿಯುನಲ್ಲಿ ಒದ್ದೆ ಇರುವ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಮುಖ್ಯವಾಗಿ, ಅಲ್ಲಿಯವರೆಗೆ ಯಾವ ಬಾಟಲಿಯನ್ನೂ ಎಸೆಯಬೇಡಿ. ತನಿಖೆ ಅಂದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಐಸಿಯು ಪೂರ್ತಿ ತೊಳೆದುಬಿಡುವುದು. ಆಮೇಲೆ ನಾವು ಏನು ಹುಡುಕುವುದು?

ಬಯಲುಸೀಮೆ ಬಸ್ಯ:

ನಾನು ಡಾಕ್ಟರೂ ಅಲ್ಲ, ಏನೂ ಅಲ್ಲ. ನಮ್ಮ ಚಿಕ್ಕಪ್ಪ ಐಸಿಯುನಲ್ಲಿದ್ದಾಗ ಇದೇ ಥರ ಒಂದು ಹೆಸರು ಬಂದಿತ್ತು, ಗೂಗಲ್ ಮಾಡಿದರೆ ಈರುಳ್ಳಿ ರೋಗ ಅಂತ ಬಂತು. ಮನೆಯಲ್ಲಿ ಅತ್ತೆ ಒಂದು ತಿಂಗಳು ಈರುಳ್ಳಿ ಒಳಗೆ ಬಿಡಲಿಲ್ಲ. ಇದು ನಿಜಾನಾ ಮೇಡಂ?

ಪೆಟ್ರಿತಟ್ಟೆ:

ಬಸ್ಯ ಅವರೇ, ಹೆಸರಿನ ಕಥೆ ನಿಜ, ಅತ್ತೆಯವರ ಪಥ್ಯ ಬೇಡ. ಈರುಳ್ಳಿ ಕೊಳೆಯುವ ರೋಗಕ್ಕೆ ಈ ಬ್ಯಾಕ್ಟೀರಿಯಾ ಕಾರಣ ಅಂತ 1950ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಬರ್ಖೋಲ್ಡರ್ ವಿವರಿಸಿದರು. ಲ್ಯಾಟಿನ್‌ನಲ್ಲಿ ಸೆಪಾ ಅಂದರೆ ಈರುಳ್ಳಿ. ಆಮೇಲೆ 1992ರಲ್ಲಿ ಅವರ ಹೆಸರನ್ನೇ ಇಟ್ಟರು. ಉಪ್ಪಿಟ್ಟಿನ ಈರುಳ್ಳಿಯಿಂದ ಐಸಿಯು ರೋಗಿಯ ರಕ್ತಕ್ಕೆ ಬರುವುದಿಲ್ಲ, ಧೈರ್ಯವಾಗಿ ತಿನ್ನಿ.

ರಾತ್ರಿಪಾಳಿ ಸಿಸ್ಟರ್:

ನಮ್ಮಪ್ಪ ಚಳ್ಳಕೆರೆ ಕಡೆ ಈರುಳ್ಳಿ ಬೆಳೆಯುವವರು. ಮಳೆಗೆ ಸಿಕ್ಕಿ ರಾಶಿಯಲ್ಲಿ ಕೊಳೆತ ಗಡ್ಡೆಯ ಹುಳಿವಾಸನೆ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಆದ ಮೇಲೆ ಅದು ಐಸಿಯುಗೂ ಹಿಂದೆ ಬಂತಲ್ಲ ಅಂತ ನಗು ಬಂತು.

ಮೇಡಂ, ನೀವು ಕೇಳಿದ್ದಕ್ಕೆ ಉತ್ತರ. ನಮ್ಮಲ್ಲಿ ಫ್ಲಶ್‌ಗೆ 500 ಎಂಎಲ್ ಎನ್‌ಎಸ್ (ನಾರ್ಮಲ್ ಸಲೈನ್) ಬಾಟಲಿ ಒಂದು ಇರುತ್ತದೆ. ಮೆಡಿಸಿನ್ ಟ್ರಾಲಿಯ ಮೇಲೆ, ಎಲ್ಲಾ ಬೆಡ್‌ಗೂ ಅದೇ. ರಬ್ಬರ್ ಬಿರಡೆಗೆ ಒಂದು ದಪ್ಪ ಸೂಜಿ ಚುಚ್ಚಿ ಹಾಗೇ ಬಿಟ್ಟಿರುತ್ತೇವೆ. ಬೇಕಾದಾಗ ಸಿರಿಂಜ್ ಸಿಕ್ಕಿಸಿ 10 ಎಂಎಲ್ ಎಳೆದುಕೊಳ್ಳುವುದು. ಪ್ರತಿಸಲ ಹೊಸ ಸಿರಿಂಜ್, ಅದರಲ್ಲಿ ತಪ್ಪು ಮಾಡಿಲ್ಲ. ಆದರೆ ಸೂಜಿ ಮಾತ್ರ 24 ಗಂಟೆ ಅಲ್ಲೇ. ನಾನು ಸೇರಿದಾಗಿನಿಂದ ಹೀಗೇ ನಡೆದಿದೆ. ನನಗೆ ಕಲಿಸಿದ ಸೀನಿಯರ್ ಅಕ್ಕನೂ ಹಾಗೇ ಮಾಡುತ್ತಿದ್ದರು. ನಾನೂ ಹೊಸ ಹುಡುಗಿಯರಿಗೆ ಹಾಗೇ ಕಲಿಸಿದ್ದೇನೆ.

ಒದ್ದೆಯ ಪಟ್ಟಿ: ಆ ಬಾಟಲಿ. ಸ್ಟೀಲ್ ಬಟ್ಟಲಲ್ಲಿ ಆಂಟಿಸೆಪ್ಟಿಕ್‌ನಲ್ಲಿ ನೆನೆಸಿಟ್ಟ ಹತ್ತಿ (ಮುಗಿಯುತ್ತಾ ಬಂದರೆ ಮೇಲಿಂದ ಮತ್ತೆ ಸುರಿಯುತ್ತೇವೆ). ಆಕ್ಸಿಜನ್ ಹ್ಯುಮಿಡಿಫೈಯರ್ ನೀರು. ನೆಬ್ಯುಲೈಸರ್ ಕಪ್. ಅಲ್ಟ್ರಾಸೌಂಡ್ ಜೆಲ್, ದೊಡ್ಡ ಕ್ಯಾನ್‌ನಿಂದ ಚಿಕ್ಕ ಬಾಟಲಿಗೆ ತುಂಬಿಸಿದ್ದು. ಎರಡು ಸಿಂಕ್. ಬರೆಯುತ್ತಾ ಹೋದ ಹಾಗೆ ಕೈ ತಣ್ಣಗಾಯಿತು.

ಕಾರ್ಕಳದವಳು ಐರ್ಲೆಂಡಲ್ಲಿ:

ಅಯ್ಯೋ ಮಾರಾಯ್ರೆ, ಆ ಚುಚ್ಚಿಟ್ಟ ಸೂಜಿ ನೋಡದವರು ಯಾರಿದ್ದಾರೆ! ನಾನೂ ಊರಲ್ಲಿ ಕೆಲಸ ಮಾಡುವಾಗ ಹಾಗೇ ಮಾಡಿದ್ದೇನೆ. ನಿಮ್ಮೊಬ್ಬರದೇ ತಪ್ಪು ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಲ್ಲಿ ಫ್ಲಶ್ ತುಂಬಿಸಿದ ಸಿರಿಂಜ್ ಒಬ್ಬೊಬ್ಬರಿಗೆ ಒಂದೊಂದು ಸಲಕ್ಕೆ ಬರುತ್ತದೆ. ಆದರೆ ಅದನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಅಮೆರಿಕದಲ್ಲಿ 2016ರಲ್ಲಿ ಅಂಥ ತುಂಬಿಸಿದ ಸಿರಿಂಜ್‌ಗಳಲ್ಲೇ ಇದೇ ಬರ್ಖೋಲ್ಡೇರಿಯಾ ಸಿಕ್ಕಿ ವಾಪಸ್ ತರಿಸಿಕೊಂಡರು.

ನಾನು ಹೇಳಬೇಕು ಅಂದುಕೊಂಡದ್ದು ಸಿಂಕ್ ಬಗ್ಗೆ. ಹಿಂದೆ ನಾನಿದ್ದ ಒಂದು ಐಸಿಯುನಲ್ಲಿ ಎಲಿಜಬೆತ್‌ಕಿಂಗಿಯಾ ಅನ್ನುವ ಬ್ಯಾಕ್ಟೀರಿಯಾ ಬಂದಿತ್ತು. ಹೆಸರು ಕೇಳಿ ರಾಣಿಯ ಹೆಸರು ಅಂದುಕೊಂಡೆ. ಅಲ್ಲವಂತೆ, ಎಲಿಜಬೆತ್ ಕಿಂಗ್ ಅಂತ ಅಮೆರಿಕದ ಮೈಕ್ರೋಬಯಾಲಜಿಸ್ಟ್. ಎಳೆ ಮಕ್ಕಳ ಮೆದುಳುಪೊರೆ ಜ್ವರದಲ್ಲಿ ಸಿಕ್ಕ ಈ ಬ್ಯಾಕ್ಟೀರಿಯಾವನ್ನು 1959ರಲ್ಲಿ ವಿವರಿಸಿದವರು. ಇದಕ್ಕೆ ಮೆರೊಪೆನೆಮ್ ಕೊಟ್ಟರೂ ನಡೆಯುವುದಿಲ್ಲ, ಕೊಲಿಸ್ಟಿನ್ ಕೊಟ್ಟರೂ ನಡೆಯುವುದಿಲ್ಲ. ಐಸಿಯುನಲ್ಲಿ ನಾವು ಹೆದರಿಕೆಗೆ ಕೊಡುವ ಎರಡು ದೊಡ್ಡ ಔಷಧವೂ ವ್ಯರ್ಥ.

2012ರಲ್ಲಿ ಸಿಂಗಾಪುರದ ಐಸಿಯುಗಳಲ್ಲಿ ಇದು ಹರಡಿದಾಗ ನಲ್ಲಿಗಳಲ್ಲಿ ಸಿಕ್ಕಿತು. ಕೈ ತೊಳೆಯುವ ಸಿಂಕ್‌ಗೇ ರೋಗಿಗಳ ಕಫ ಚೆಲ್ಲುವುದು, ಸಾಮಾನು ತೊಳೆಯುವುದು ಮಾಡುತ್ತಿದ್ದರು. ಅಂದರೆ ಕೈ ತೊಳೆದದ್ದೇ ತಪ್ಪಾಯಿತು! ನಿಮ್ಮ ಆ ಸರ್‌ಗೆ ಇದನ್ನು ಓದಿ ಹೇಳಿ. ನಮ್ಮಲ್ಲಿ ಆಮೇಲೆ ನಲ್ಲಿಯ ತುದಿಯ ಜಾಲರಿಯನ್ನೇ ತೆಗೆಸಿದರು. ಪ್ಲಂಬರ್ ಬಿಚ್ಚಿದಾಗ ನಾನು ಅಲ್ಲೇ ಇದ್ದೆ. ಒಳಗೆ ಬಾವಿಕಟ್ಟೆಯ ಪಾಚಿಯ ಹಾಗೆ ಲೋಳೆ. ನಲ್ಲಿ ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು.

ಹುಬ್ಬಳ್ಳಿ ರಿಜಿಸ್ಟ್ರಾರ್:

ನಾನು ಐಸಿಯು ರಿಜಿಸ್ಟ್ರಾರ್. ಡಾಕ್ಟರ್‌ಗಳ ಪರವಾಗಿ ಒಂದು ಮಾತು, ವಿರುದ್ಧವಾಗಿ ಒಂದು ಮಾತು.

ಪರವಾಗಿ: ರಾತ್ರಿ 11ಕ್ಕೆ ಬಿಪಿ ಬಿದ್ದ ರೋಗಿಗೆ ರಿಪೋರ್ಟ್ ಬರಲಿ ಅಂತ ಎರಡು ದಿನ ಕಾಯಲು ಆಗುವುದಿಲ್ಲ ಅಕ್ಕಾರ. ನಮ್ಮ ದೇಶದ ಐಸಿಯುಗಳಲ್ಲಿ ರಕ್ತಕ್ಕೆ ಸೇರುವುದರಲ್ಲಿ ಮುಂದೆ ಇರುವುದು ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್. ಅವುಗಳಲ್ಲಿ ಜಾಸ್ತಿಯವು ಮೆರೊಪೆನೆಮ್‌ಗೆ ಬಗ್ಗುವುದಿಲ್ಲ. ಹಾಗಿದ್ದ ಮೇಲೆ ಮೊದಲ ರಾತ್ರಿ ಕೊಲಿಸ್ಟಿನ್ ನೆನಪಾಗುವುದು ಸಹಜ.

ವಿರುದ್ಧವಾಗಿ: ಈ ಅಪರೂಪದವು ಈಗ ಜಾಸ್ತಿ ಕಾಣುವುದಕ್ಕೆ ನಾವೂ ಕಾರಣ. ಹೊಲಕ್ಕೆ ಕಳೆನಾಶಕ ಹೊಡೆದ ಮೇಲೆ ಏನು ಉಳಿಯುತ್ತದೆ? ಜೇಕು. ಅದಕ್ಕೆ ಕಳೆನಾಶಕದ ಭಯವಿಲ್ಲ, ಪೈಪೋಟಿಗೆ ಬೇರೆ ಹುಲ್ಲೂ ಇಲ್ಲ. ವಾರಗಟ್ಟಲೆ ಮೆರೊಪೆನೆಮ್ ಹೋಗುತ್ತಿರುವ ರೋಗಿಯಲ್ಲಿ ಸ್ಟೆನೊಟ್ರೊಫೊಮೊನಾಸ್, ಎಲಿಜಬೆತ್‌ಕಿಂಗಿಯಾ ಥರದ ಬ್ಯಾಕ್ಟೀರಿಯಾ ಹಾಗೇ ತಲೆ ಎತ್ತುತ್ತವೆ. ಎರಡಕ್ಕೂ ಆ ಔಷಧವನ್ನು ಕತ್ತರಿಸಿ ಹಾಕುವ ಕಿಣ್ವ ಹುಟ್ಟಿನಿಂದಲೇ ಇದೆ.

ಇನ್ನೊಂದು. ಯಂತ್ರ ಕೊಟ್ಟ ಹೆಸರನ್ನು ಪೂರ್ತಿ ನಂಬಬೇಡಿ, ಅಲ್ವಾ ಮೇಡಂ?

ಪೆಟ್ರಿತಟ್ಟೆ:

ಹೌದು ಡಾಕ್ಟ್ರೇ. ಯಂತ್ರ ತನ್ನ ಪಟ್ಟಿಯಲ್ಲಿ ಇರುವ ಹೆಸರನ್ನೇ ಹೇಳಬೇಕು ತಾನೇ. ಎಲಿಜಬೆತ್‌ಕಿಂಗಿಯಾ ಅನಾಫಿಲಿಸ್ ಅನ್ನುವುದನ್ನು 2011ರಲ್ಲಿ ಅನಾಫಿಲಿಸ್ ಸೊಳ್ಳೆಯ ಕರುಳಿನಿಂದ ತೆಗೆದು ಹೆಸರಿಟ್ಟರು. ಅದು ಪಟ್ಟಿಗೆ ಸೇರುವ ತನಕ ಲ್ಯಾಬ್‌ಗಳು ಅದನ್ನು ಅದೇ ಕುಲದ ಮೆನಿಂಗೊಸೆಪ್ಟಿಕಾ ಅಂತಲೇ ಬರೆದು ಕೊಟ್ಟವು. ಕಾರ್ಕಳದವರು ಹೇಳಿದ ಸಿಂಗಾಪುರದಲ್ಲೂ ಮೊದಲು ಆ ಹೆಸರೇ ಇತ್ತು, ಜೀನೋಮ್ ಓದಿದ ಮೇಲೆ ಬದಲಾಯಿತು. ಸೊಳ್ಳೆ ಕಚ್ಚಿ ಬರುತ್ತದೆ ಅಂತ ಮಾತ್ರ ಸಾಬೀತಾಗಿಲ್ಲ, ಬಸ್ಯ ಅವರ ಅತ್ತೆಯವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೂಲ ಎಲ್ಲಾ ಸಲ ಸಿಗುತ್ತದೆ ಅಂತಲೂ ಇಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2015-16ರಲ್ಲಿ 63 ಜನಕ್ಕೆ ಇದು ಬಂತು. ಅಷ್ಟು ಹುಡುಕಿದರೂ ಎಲ್ಲಿಂದ ಅಂತ ತಿಳಿಯಲಿಲ್ಲ.

ಸಿಸ್ಟರ್, ನಾಳೆ ಡ್ಯೂಟಿಗೆ ಹೋದ ಕೂಡಲೇ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್ ಜೊತೆ ಸೇರಿ ಆ ಬಳಕೆಯಲ್ಲಿರುವ ಸಲೈನ್ ಬಾಟಲಿಯನ್ನು ಹಾಗೇ ಲ್ಯಾಬ್‌ಗೆ ಕಳಿಸಿ. ಅದರ ಜೊತೆ ಅದೇ ಬ್ಯಾಚ್‌ನ, ಸೀಲ್ ಒಡೆಯದ ಬಾಟಲಿಗಳೂ ಬೇಕು. ಸೀಲ್ ಇದ್ದದ್ದರಲ್ಲೂ ಬೆಳೆದರೆ ಕಂಪನಿಯಲ್ಲೇ ಸೇರಿದ್ದು, ಔಷಧ ನಿಯಂತ್ರಣ ಇಲಾಖೆಗೆ ಹೇಳಬೇಕು. ಸೀಲ್ ಇದ್ದದ್ದು ಚೊಕ್ಕವಾಗಿದ್ದು ತೆರೆದದ್ದರಲ್ಲಿ ಮಾತ್ರ ಬಂದರೆ ನಿಮ್ಮ ಐಸಿಯುನಲ್ಲಿ ಸೇರಿದ್ದು. ಒಂದು ಹನಿ ತಟ್ಟೆಗೆ ಹಾಕಿ "ನೋ ಗ್ರೋತ್" ಅಂದರೆ ಒಪ್ಪಬೇಡಿ. ಜಾಸ್ತಿ ನೀರನ್ನು ಫಿಲ್ಟರ್ ಮಾಡಿ ಅಥವಾ ಬ್ರಾತ್‌ಗೆ (ಪೋಷಕ ದ್ರವಕ್ಕೆ) ಹಾಕಿ ಬೆಳೆಸಲು ಹೇಳಿ. ಹತ್ತಿಯ ಬಟ್ಟಲನ್ನೂ ಮರೆಯಬೇಡಿ, ಬಿರಡೆ ಒರೆಸುವುದು ಅದರಿಂದಲೇ ಅಲ್ವಾ?

ರಾತ್ರಿಪಾಳಿ ಸಿಸ್ಟರ್ (12 ದಿನ ಬಿಟ್ಟು):

ತಡವಾಯಿತು, ಕ್ಷಮಿಸಿ. ರಿಪೋರ್ಟ್ ಬಂದಿದೆ.

ಟ್ರಾಲಿಯ ಸಲೈನ್ ಬಾಟಲಿಯಲ್ಲಿ ಬರ್ಖೋಲ್ಡೇರಿಯಾ ಬೆಳೆಯಿತು. ಮೂರು ರೋಗಿಗಳದ್ದೂ ಇದರದ್ದೂ ಔಷಧದ ಪಟ್ಟಿ ಒಂದೇ, ಒಂದು ಎಸ್ (ಔಷಧಕ್ಕೆ ಬಗ್ಗುತ್ತದೆ), ಒಂದು ಆರ್ ಕೂಡ ವ್ಯತ್ಯಾಸ ಇಲ್ಲ. ಸೀಲ್ ಒಡೆಯದ ಆರು ಬಾಟಲಿಗಳಲ್ಲಿ ಏನೂ ಇಲ್ಲ. ಜೆಲ್, ಹ್ಯುಮಿಡಿಫೈಯರ್ ಕೂಡ ಸರಿ ಇವೆ. ಒಂದು ಸಿಂಕ್‌ನಲ್ಲಿ ಸ್ಯೂಡೋಮೊನಾಸ್ ಬಂತು, ಅದು ಬೇರೆ ಕಥೆ. ಹತ್ತಿಯ ಬಟ್ಟಲು ಮಾತ್ರ ಸಿಗಲಿಲ್ಲ. ನಾನು ಹೋಗುವ ಮೊದಲೇ ಆಯಾ ಅಮ್ಮ ಪಾಪ ತಿಕ್ಕಿ ತೊಳೆದು, ಆಟೋಕ್ಲೇವ್‌ಗೆ ಕಳಿಸಿ, ಹೊಸ ಹತ್ತಿ ಹಾಕಿ ಇಟ್ಟಿದ್ದರು. ನನಗೆ ಅನುಮಾನ ಅದರ ಮೇಲೇ.

ಈಗ ಸ್ಟೋರ್‌ನಿಂದ 10 ಎಂಎಲ್ ಸಲೈನ್ ಆಂಪ್ಯೂಲ್ ಕೊಡುತ್ತಿದ್ದಾರೆ. ಒಬ್ಬರಿಗೆ ಒಂದು, ಉಳಿದರೆ ಚೆಲ್ಲುವುದು. ಮೊದಲ ದಿನ ಸ್ಟೋರ್‌ನವರು "ಇಷ್ಟೊಂದಾ?" ಅಂದರು. ರಿಪೋರ್ಟ್ ತೋರಿಸಿದೆ, ಸುಮ್ನಾದರು. ಹತ್ತಿಯ ಬಟ್ಟಲು ತೆಗೆದು ಒಂದೊಂದೇ ಪ್ಯಾಕೆಟ್‌ನ ಸ್ಪಿರಿಟ್ ಸ್ವಾಬ್ ಇಟ್ಟಿದ್ದಾರೆ. ನಾಲ್ಕನೇ ಕೇಸ್ ಇಲ್ಲಿಯವರೆಗೆ ಬಂದಿಲ್ಲ.

ಡೆಂಗ್ಯೂ ಹೆಂಗಸು ನಡೆದುಕೊಂಡು ಮನೆಗೆ ಹೋದರು. ಆಪರೇಷನ್‌ನವರ ಕ್ಯಾನುಲಾ ತೆಗೆದು ಸೆಫ್ಟಜಿಡೈಮ್ ಕೊಟ್ಟರು, ವಾರ್ಡ್‌ಗೆ ಹೋಗಿದ್ದಾರೆ. ಅಜ್ಜ ಉಳಿಯಲಿಲ್ಲ. ಸ್ಟ್ರೋಕ್‌ನಿಂದಲೋ ಇದರಿಂದಲೋ ಯಾರೂ ಖಚಿತವಾಗಿ ಹೇಳುತ್ತಿಲ್ಲ. ಅವರ ಮಗ ಹೋಗುವಾಗ ನನಗೆ ಕೈಮುಗಿದು ಥ್ಯಾಂಕ್ಸ್ ಹೇಳಿದರು.

ಮೀಟಿಂಗ್‌ನಲ್ಲಿ ಮಾತಾಡಿದ ಸರ್ ಈ ಸಲ ಏನೂ ಅನ್ನಲಿಲ್ಲ. ನನಗೂ ಅವರ ಮೇಲೆ ಸಿಟ್ಟು ಉಳಿದಿಲ್ಲ. ಲ್ಯಾಬ್‌ಗೆ ಹೋದ ಆ ಬಾಟಲಿಯ ಮೇಲೆ ಪ್ಲಾಸ್ಟರ್ ಅಂಟಿಸಿ "ಎನ್‌ಎಸ್ ಫ್ಲಶ್, ರಾತ್ರಿ 8" ಅಂತ ಬರೆದಿತ್ತು. ಅದು ನನ್ನ ಅಕ್ಷರ.

ಪೆಟ್ರಿತಟ್ಟೆ:

ಸಿಸ್ಟರ್, ಆ ಬಾಟಲಿಯನ್ನು ಎಸೆಯದೆ ಲ್ಯಾಬ್‌ಗೆ ಕೊಟ್ಟದ್ದೂ ನೀವೇ. ನಿಮ್ಮ ಲ್ಯಾಬ್‌ನವರಿಗೆ ಹೇಳಿ, ಆ ನಾಲ್ಕು ಐಸೊಲೇಟ್‌ಗಳನ್ನೂ (ಮೂವರ ರಕ್ತದಿಂದ, ಬಾಟಲಿಯಿಂದ ಬೆಳೆಸಿದ ಬ್ಯಾಕ್ಟೀರಿಯಾ) ಬಿಸಾಡುವುದು ಬೇಡ, ಗ್ಲಿಸರಾಲ್‌ನಲ್ಲಿ ಹಾಕಿ ಡೀಪ್ ಫ್ರೀಜರ್‌ನಲ್ಲಿ ಇಡಲಿ. ಔಷಧದ ಪಟ್ಟಿ ಹೊಂದಿದ ಮಾತ್ರಕ್ಕೆ ಒಂದೇ ತಳಿ ಅಂತ ಆಗುವುದಿಲ್ಲ. ಮುಂದೆ ಜೀನ್ ಮಟ್ಟದಲ್ಲಿ ಹೋಲಿಸಿ ನೋಡಬಹುದು.

ರಾತ್ರಿಪಾಳಿ ಸಿಸ್ಟರ್:

ಕೇಳಿದೆ ಮೇಡಂ. ಡೀಪ್ ಫ್ರೀಜರ್ ಕೆಟ್ಟು ಆರು ತಿಂಗಳಾಯಿತಂತೆ. ಸದ್ಯಕ್ಕೆ ಅಗಾರ್ ಸ್ಲಾಂಟ್‌ನಲ್ಲಿ ಹಾಕಿ, ಟೆಕ್ನೀಷಿಯನ್ ಅಣ್ಣ ತಮ್ಮ ಮೇಜಿನ ಡ್ರಾಯರ್‌ನಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದಾರೆ.